ಗುಟ್ಟು ಬಿಡಿಸಿದ್ದು ರಫು ಅಕ್ಕ, ಹೆಸರು ಸಾಹೇಬರದು

ಬೆಳಿಗ್ಗೆ ಆರೂಕಾಲು. ವಸ್ತುಸಂಗ್ರಹಾಲಯದ ಹಿಂಬಾಗಿಲ ಮೆಟ್ಟಿಲ ಮೇಲೆ ಹೆಂಗಸೊಬ್ಬರು ಹಳೆಯ ಜರಿ ಪರದೆಯನ್ನು ಮಡಿಲಲ್ಲಿ ಹರಡಿಕೊಂಡು ಕೂತಿದ್ದಾರೆ. ಇಲಿ ಕಡಿದ ತೂತಿಗೆ ಒಂದೊಂದೇ ಎಳೆ ಸೇರಿಸಿ ರಫು ಮಾಡುತ್ತಿದ್ದಾರೆ. ಕೆಲಸ ಶುರುವಾಗುವುದು ಒಂಬತ್ತಕ್ಕೆ. ಇಷ್ಟು ಬೇಗ ಯಾಕೆ ಎಂದರೆ ತಲೆ ಎತ್ತದೆ ಹೇಳುತ್ತಾರೆ: "ಒಳಗೆ ಕೊಟ್ಟಿರೋ ರೂಮಲ್ಲಿ ಸೂಜಿ ಕಣ್ಣೇ ಕಾಣಲ್ಲ. ಇಲ್ಲಾದ್ರೆ ಬಿಸಿಲೇರೋ ತನಕ ಒಳ್ಳೆ ಬೆಳಕಿರತ್ತೆ."

ಎಲ್ಲರ ಬಾಯಲ್ಲೂ ಅವರು ರಫು ಅಕ್ಕ. ವಯಸ್ಸು ಐವತ್ತೆಂಟು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ದಿನಗೂಲಿ. ಒಂದು ಚದರ ಅಂಗುಲಕ್ಕೆ ಎರಡು ಗಂಟೆ ಬೇಕು, ಎಳೆ ತೀರಾ ಸಣ್ಣದಾದರೆ ಅರ್ಧ ದಿನ. ಚೆನ್ನಾಗಿ ಮಾಡಿದಷ್ಟೂ ರಫು ಕಾಣುವುದಿಲ್ಲ. ಮಾಡಿದವರೂ ಕಾಣಬಾರದೆಂದು ಈ ಸಂಸ್ಥೆ ತೀರ್ಮಾನಿಸಿದಂತಿದೆ.

ಮೇಲಿನ ಗ್ಯಾಲರಿಯಲ್ಲಿ ಮರದ ಕಾಲಿನ ಮೇಲೆ ಕೂರಿಸಿದ, ಗಿಡ್ಡ ಕತ್ತಿನ ಗಾಜಿನ ಗುಂಡೊಂದಿದೆ. ಏನೆಂದು ಯಾರಿಗೂ ತಿಳಿಯದೆ ಹನ್ನೊಂದು ವರ್ಷ 'ಸಿರಿವಂತ ಮಹಿಳೆಯ ಅತ್ತರಿನ ಪಾತ್ರೆ' ಎಂದು ಫಲಕ ಹಾಕಿದ್ದರು. ರಫು ಅಕ್ಕ ನೋಡಿದ ದಿನವೇ ಗುರುತು ಹಿಡಿದರು. "ನಮ್ಮಜ್ಜಿ ಹತ್ರ ಇಂಥದ್ದೇ ಇತ್ತು. ನೀರುಗುಂಡು ಅಂತಿದ್ಲು. ದೀಪದ ಮುಂದೆ ಇಟ್ಕೊಂಡು ಹೊಲೀತಿದ್ಲು." ಮೇಲ್ವಿಚಾರಕ ಸಾಹೇಬರಿಗೆ ಮೂರು ಸಲ ಹೇಳಿದರು. ಮೂರು ಸಲವೂ ಒಂದೇ ಉತ್ತರ: "ನೀನು ನಿನ್ನ ಹೊಲಿಗೆ ನೋಡ್ಕೋಮ್ಮ."

ಕಳೆದ ವರ್ಷ ಗ್ಯಾಲರಿಗೆ ಬಣ್ಣ ಬಳಿಯುವಾಗ ಆ ಗುಂಡನ್ನು ಅಕ್ಕನ ಕೋಣೆಯಲ್ಲಿ ತಂದಿಟ್ಟರು. ಅವರು ಅದಕ್ಕೆ ನೀರು ತುಂಬಿ, ಹಿಂದೆ ಮೇಣದಬತ್ತಿ ಹಚ್ಚಿಟ್ಟು, ಸಾಹೇಬರನ್ನು ಕರೆದರು. ಬತ್ತಿಯ ಬೆಳಕು ನೀರಿನೊಳಗಿಂದ ಹಾದು ಕಾಸಗಲದ ಚುಕ್ಕಿಯಾಗಿ ಬಟ್ಟೆಯ ಮೇಲೆ ಬಿತ್ತು. ಕನ್ನಡಕ ತೆಗೆದಿಟ್ಟು, ಆ ಚುಕ್ಕಿಯಲ್ಲೇ ಅಕ್ಕ ಸೂಜಿ ಪೋಣಿಸಿದರು. ಸಾಹೇಬರು ಫೋನ್ ತೆಗೆದು ಫೋಟೊ ಹೊಡೆದುಕೊಂಡರು.

ಎರಡು ತಿಂಗಳಿಗೆ ಹೊಸ ಫಲಕ ಬಂತು: 'ಹೊಲಿಗೆಯವರ ನೀರುಗುಂಡು'. ಕೆಳಗೆ, ಗುರುತಿಸಿದವರು ಎಂದು ಸಾಹೇಬರ ಹೆಸರು. ಅಕ್ಕನ ಅಜ್ಜಿ ಬಳಸುತ್ತಿದ್ದ ಹೆಸರನ್ನೂ ಬಿಡದೆ ತೆಗೆದುಕೊಂಡರು. ಸಂಶೋಧನಾ ಲೇಖನವೂ ಅವರದೇ, ಪ್ರಶಸ್ತಿಯೂ ಅವರಿಗೇ. ಅಕ್ಕನ ಹೆಸರೇಕಿಲ್ಲ ಎಂದು ನಾನು ಹೋಗಿ ಸಾಹೇಬರನ್ನು ಕೇಳಿದೆ. "ಸಂಶೋಧನೆ ಸಂಸ್ಥೆಯದ್ದು ರೀ, ಒಬ್ಬರದ್ದಲ್ಲ" ಎಂದರು. ಹಾಗಾದರೆ ನಿಮ್ಮೊಬ್ಬರ ಹೆಸರೇಕೆ ಎಂದಾಗ ಗಡಿಯಾರ ನೋಡಿಕೊಂಡರು.

ಬೆಳಕಿಲ್ಲದ ಹೆಂಗಸರು ಕಣ್ಣುಳಿಸಿಕೊಳ್ಳಲು ಇಟ್ಟುಕೊಂಡಿದ್ದ ಗುಂಡಿಗೆ ಈಗ ನಾಲ್ಕು ಬಲ್ಬು ಹಾಕಿದ್ದಾರೆ. ಅದರ ನೇರ ಕೆಳಗಿನ ಕೋಣೆಗೆ ಒಂದೇ ಒಂದು ಟ್ಯೂಬ್‌ಲೈಟ್ ಕೇಳಿ ಅಕ್ಕ ಕೊಟ್ಟ ಅರ್ಜಿ ಐದು ತಿಂಗಳಿಂದ 'ಪರಿಶೀಲನೆಯಲ್ಲಿದೆ'. ಅವರ ಎಡಗಣ್ಣು ಆಗಲೇ ಮಂಜಾಗಿದೆ. ಇದನ್ನು ಮರೆವು ಎನ್ನಲು ನನಗೆ ಮನಸ್ಸಿಲ್ಲ.

ಸಿಟ್ಟು ಬರುವುದಿಲ್ಲವೇ ಎಂದರೆ ಅಕ್ಕ ದಾರವನ್ನು ಹಲ್ಲಲ್ಲಿ ಕತ್ತರಿಸುತ್ತಾರೆ. "ಬರದೆ ಏನು? ಆದ್ರೆ ಇಲ್ಲಿ ಸಿಟ್ಟು ಮಾಡ್ಕೊಂಡ್ರೆ ಎಳೆ ತಪ್ಪತ್ತೆ. ಅದಕ್ಕೆ ಮನೆಗೆ ಹೋಗಿ ನಮ್ಮೆಜಮಾನ್ರ ಮೇಲೆ ತೀರಿಸ್ಕೋತೀನಿ, ಪಾಪ."

ಹಾಗಾದರೆ ಏನಾಗಬೇಕು? ಪರದೆಯನ್ನು ಬೆಳಕಿಗೆ ಹಿಡಿದು, ತೂತಿದ್ದ ಜಾಗವನ್ನು ಬೆರಳಲ್ಲಿ ಸವರುತ್ತಾರೆ. "ಗುಂಡನ್ನ ಖಾಲಿ ಇಟ್ಟಿದಾರೆ. ನೀರಿಲ್ದೆ ನೋಡೋರಿಗೆ ಏನ್ ಗೊತ್ತಾಗತ್ತೆ? ತುಂಬಿಸ್ಲಿ. ಆದ್ರೆ ನನ್ನ ಕರೀಲೇಬೇಕು. ಒಂದು ಗುಳ್ಳೆ ಉಳಿದ್ರೂ ಬೆಳಕು ಒಡೆದುಹೋಗತ್ತೆ. ಗುಳ್ಳೆ ಬಿಡದೆ ತುಂಬೋದು ಸಾಹೇಬ್ರಿಗೆ ಬರಲ್ಲ."