ಪಕ್ಕದ ಸೀಟಿನ ಒಪ್ಪಿಗೆ

ರೈಲು ತಿಪಟೂರು ಬಿಟ್ಟಿತ್ತು. ಇಯರ್‌ಫೋನ್ ಮನೆಯಲ್ಲೇ ಮರೆತು ಬಂದಿದ್ದ ನಾನು, ಮೊಬೈಲಿನ ಸ್ಪೀಕರ್ ಹಾಕಿಕೊಂಡು ಆಫೀಸಿನ ಆನ್‌ಲೈನ್ ಮೀಟಿಂಗಿಗೆ ಕೂತಿದ್ದೆ. ಜನರ ಖಾಸಗಿ ಮಾಹಿತಿ ಕಾಪಾಡುವ ಕಾನೂನಿನ ಬಗ್ಗೆ ಕಡ್ಡಾಯ ತರಬೇತಿ ಅದು.

"ರೆಕಾರ್ಡ್ ಮಾಡ್ತಿದೀವಿ, ಎಲ್ಲರ ಒಪ್ಪಿಗೆ ಇದೆ ತಾನೇ?" ಎಂದರು ತರಬೇತಿ ಕೊಡುವ ಮೇಡಂ. ಮೈಕ್ ಆನ್ ಮಾಡಿ "ಇದೆ" ಅಂದೆ. ಆಫ್ ಮಾಡೋದು ಮರೆತೆ.

ಪಕ್ಕದ ಸೀಟಿನ ಹೆಂಗಸು ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರು: "ಮಗಳು ಗಂಡನ್ನ ಬಿಟ್ಟು ಬಂದವ್ಳೆ ಕಣೇ. ಹಳೇಬೀಡಲ್ಲಿ ಯಾರ ಹತ್ರಾನೂ ಬಾಯಿ ಬಿಡಬೇಡ."

ನನ್ನ ಮೊಬೈಲಿನಿಂದ ಮೇಡಂ ದನಿ ಜೋರಾಗಿ ಬಂತು. "ಯಾರದ್ರೀ ಈ ಮನೆ ಮಾತು? ಮೈಕ್ ಆಫ್ ಮಾಡಿ, ಎಲ್ಲಾ ರೆಕಾರ್ಡ್ ಆಗ್ತಿದೆ!"

ಪಕ್ಕದಾಕೆ ಫೋನ್ ಕಟ್ ಮಾಡಿ ನನ್ನತ್ತ ತಿರುಗಿದರು. "ನನ್ ಮಾತು ಅದ್ರಲ್ಲಿ ಐತಾ? ನನ್ನನ್ನ ಯಾರು ಕೇಳಿದ್ರು? ಮೊದ್ಲು ಅಳಿಸ್ರೀ!"

ಅರಸೀಕೆರೆ ಬಂದೇ ಬಿಡುತ್ತಿತ್ತು, ಆಕೆ ಇಳಿಯುವುದು ಅಲ್ಲೇ. ಅಷ್ಟು ಭಾಗ ಅಳಿಸಿಬಿಡಿ ಎಂದು ಮೇಡಂಗೆ ಅಂಗಲಾಚಿದೆ.

"ಖಂಡಿತ, ಅದು ಅವರ ಹಕ್ಕು," ಎಂದರು ಮೇಡಂ. "ಆದ್ರೆ ದನಿ ಅವರದೇ ಅಂತ ಖಾತ್ರಿ ಆಗ್ಬೇಕಲ್ಲ? ಹೆಸರು, ಊರು, ಫೋನ್ ನಂಬರ್, ಆಧಾರ್ ಪ್ರತಿ ಕಳಿಸೋಕೆ ಹೇಳಿ."

ಆಕೆ ಬ್ಯಾಗು ಎತ್ತಿಕೊಂಡು ನನ್ನನ್ನೇ ದಿಟ್ಟಿಸಿದರು. "ಇಷ್ಟೊತ್ತು ಅದು ಯಾರದೋ ಮನೆ ಮಾತಾಗಿತ್ತು. ಈಗ ನಮ್ಮನೇದೇ ಅಂತ ನಾನೇ ಬರ್ದುಕೊಡ್ಬೇಕಾ?" ಅಂದವರೇ ಇಳಿದು ಹೋದರು.

ತರಬೇತಿ ಮುಗಿಸಿದ್ದಕ್ಕೆ ನನಗೆ ಸರ್ಟಿಫಿಕೇಟ್ ಬಂತು. ಅವತ್ತು ರಜೆಯಲ್ಲಿದ್ದವರಿಗೆಲ್ಲ ಆ ರೆಕಾರ್ಡಿಂಗ್ ಕಳಿಸಿದ್ದಾರೆ. ಒಂದು ಮಾತೂ ಬಿಡದೆ ಪೂರ್ತಿ ಕೇಳಬೇಕಂತೆ.