ಬೇಡದ ಝೆರಾಕ್ಸ್

ವಿಜಯಪುರದ ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ನೋಡುತ್ತಿದ್ದ ಮೇಡಂಗೆ ಝೆರಾಕ್ಸ್ ಹುಚ್ಚು ಎಂದು ನಾವೆಲ್ಲ ನಗುತ್ತಿದ್ದೆವು. ಯಾರೇ ಬರಲಿ, ಕನ್ನಡಕವನ್ನು ಹಣೆಗೇರಿಸಿ, ಜೊತೆಗೆ ಬಂದವರತ್ತ ಪೆನ್ನು ತೋರಿಸಿ, "ಇದರದೊಂದು ಝೆರಾಕ್ಸ್ ಬೇಕಿತ್ತಲ್ರಿ" ಎನ್ನುತ್ತಿದ್ದರು. ಅಂಗಡಿ ರಸ್ತೆಯಾಚೆ ಇತ್ತು.

ನನ್ನ ಅರ್ಜಿ ಸಲ್ಲಿಸಲು ಒಂದೇ ವಾರ ಉಳಿದಿದ್ದಾಗ ಅಪ್ಪ ನಮ್ಮೂರು ಬಿಜ್ಜರಗಿಯಿಂದ ಆದಾಯ ಪ್ರಮಾಣಪತ್ರ ತಂದ. ಅಕ್ಕನನ್ನು ಸೊಸೆ ಮಾಡಿಕೊಳ್ಳಲಿದ್ದ ಬೀಗರೂ ಜೊತೆಗಿದ್ದರು. ಪತ್ರದಲ್ಲಿ ಬರೆಸಿದ್ದ ಆದಾಯ ಎಷ್ಟು ಹೆಚ್ಚಿತ್ತೆಂದರೆ ವಿದ್ಯಾರ್ಥಿವೇತನದ ಮಾತೇ ಇರಲಿಲ್ಲ. ಮೇಡಂ ಬೀಗರನ್ನು ಝೆರಾಕ್ಸ್‌ಗೆ ಕಳಿಸಿದರು. ಆಮೇಲೆ ದನಿ ತಗ್ಗಿಸಿದರು.

"ಇದನ್ನ ಮಾಡಸಾಕ ಹೋದಾಗ ಬೀಗರೂ ಬಂದಿದ್ರೇನ್ರಿ?"

ಮೀಸೆಯ ಮೇಲಿದ್ದ ಅಪ್ಪನ ಕೈ ಕೆಳಗಿಳಿಯಿತು. "ಬಾಜೂಕ ನಿಂತಿದ್ರರಿ. ಅವರ ಮುಂದ ಕಡಿಮಿ ಹ್ಯಾಂಗ ಹೇಳ್ಲಿ?"

"ಈಗ ಮಗಳನ್ನಷ್ಟ ಕರ್ಕೊಂಡು ಟಿಕೋಟಾದ ತಹಶೀಲ್ದಾರ್ ಕಚೇರಿಗೆ ಹೋಗ್ರಿ. ಇದ್ದದ್ದು ಇದ್ದಾಂಗ ಹೇಳಿ ಹೊಸಾದು ಮಾಡಿಸ್ರಿ."

ಅಷ್ಟರಲ್ಲಿ ಬೀಗರು ಬೆವರೊರೆಸಿಕೊಳ್ಳುತ್ತ ಬಂದರು. ಅವರು ತಂದ ಪ್ರತಿಯನ್ನು ಮೇಡಂ ಎರಡೂ ಕೈಯಿಂದ ತೆಗೆದುಕೊಂಡು, "ಭಾಳ ಉಪಕಾರ ಆತ್ರಿ" ಎಂದರು.

ಹೊಸ ಪತ್ರ ಕೊಡಲು ನಾನೊಬ್ಬಳೇ ಹೋದಾಗ ಅವರು ಪೆನ್ನಿಗಾಗಿ ಮೇಜಿನ ಖಾನೆ ಎಳೆದರು. ಅದರ ತುಂಬ ಝೆರಾಕ್ಸ್ ಪ್ರತಿಗಳೇ ಇದ್ದವು. ಬೀಗರು ತಂದದ್ದೂ ಅಲ್ಲೇ ಇತ್ತು.

ನನ್ನ ಹಿಂದೆ ಮಮದಾಪುರದ ಹುಡುಗಿಯೊಬ್ಬಳು ಅವ್ವನೊಂದಿಗೆ, ಊರಿನ ಹಿರಿಯರೊಬ್ಬರೊಂದಿಗೆ ನಿಂತಿದ್ದಳು. ಮೇಡಂ ಅವರ ಕನ್ನಡಕ ಹಣೆಗೇರಿತು. ಅವರು ಬಾಯಿ ತೆರೆಯುವ ಮೊದಲೇ ನಾನು ಹಿರಿಯರ ಕಡೆ ತಿರುಗಿದೆ.

"ಬರ್ರಿ ಕಾಕಾ, ಝೆರಾಕ್ಸ್ ಅಂಗಡಿ ತೋರಸ್ತೀನಿ."