ಹೆಬ್ಬಟ್ಟಿನ ಜೋಡಿ ಬಂದ ಗಂಗವ್ವ

ಎಪ್ಪತ್ತರ ದಶಕದಲ್ಲಿ ನಾನು ಸಂಶಿ ಹತ್ತಿರದ ಹಳ್ಳಿಯೊಂದರಲ್ಲಿ ಪಂಚಾಯಿತಿ ಸೆಕ್ರೆಟರಿಯಾಗಿದ್ದೆ. ಹೆಂಗಸರಿಗೆ ಮೀಸಲಾದ ಜಾಗದಲ್ಲಿ ಗಂಗವ್ವ ಎಂಬವರು ಮೆಂಬರು. ಆದರೆ ಅವರು ಸಭೆಗೆ ಬರುವ ಪದ್ಧತಿ ಇರಲಿಲ್ಲ. ಸಭೆ ಮುಗಿದ ಮೇಲೆ ನಿರ್ಣಯಗಳನ್ನು ಬರೆದ ಠರಾವಿನ ಪುಸ್ತಕವೇ ಅವರ ಮನೆಗೆ ಹೋಗಿ ಹೆಬ್ಬಟ್ಟು ಒತ್ತಿಸಿಕೊಂಡು ಬರುತ್ತಿತ್ತು.

ಮೊದಲ ಸಲ ನಾನು ಒಯ್ದಾಗ ಗಂಗವ್ವ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಕೈ ಒರೆಸಿಕೊಂಡು, "ಏನ್ ಬರದೀರಿ? ಓದ್ರಿ" ಅಂದರು.

ಓದಿದೆ. ಊರ ಹೆಂಗಸರು ಬಯಲಕಡೆಗೆ ಹೋಗುವ ಹಳ್ಳದ ದಂಡೆಯನ್ನು ಚೇರ್ಮನ್ನರ ಅಳಿಯನ ಕಣಕ್ಕೆ ಕೊಡುವ ಠರಾವು ಅದು.

"ಹಂಗಾರ ನಾವೆಲ್ಲಿ ಹೋಗೂಣ್ರಿ?"

ಅವರು ಹೆಬ್ಬಟ್ಟು ಒತ್ತಲಿಲ್ಲ. ಠರಾವು ಮತ್ತೆ ಸಭೆಗೆ ಬಂತು. ಅದರ ಹಿಂದೆಯೇ, ತಲೆ ತುಂಬ ಸೆರಗು ಹೊದ್ದು ಗಂಗವ್ವನೂ ಬಂದರು.

ಚೇರ್ಮನ್ನರು ಗಾಬರಿಯಾದರು. "ಗಂಗವ್ವಾರ, ನೀವ್ಯಾಕ ಬಂದ್ರಿ? ಪುಸ್ತಕ ಮನಿಗೇ ಬರ್ತಿತ್ತಲ್ರಿ."

"ನಿಮಗ ನನ್ನ ಹೆಬ್ಬಟ್ಟು ಬೇಕಲ್ರಿ? ಅದರ ಜೋಡಿ ನಾನೂ ಬಂದೀನಿ."

ಗಂಗವ್ವ ಮುಂದುವರಿಸಿದರು. "ಚೇರ್ಮನ್ನರ, ನಿಮ್ಮ ಅವ್ವಾರು ಮುಂಜಾನೆ ಎದ್ದು ಎಲ್ಲಿಗೆ ಹೋಗ್ತಾರ್ರಿ? ಅದೇ ದಂಡಿಗೆ ಹೌದಲ್ರಿ?"

ಚೇರ್ಮನ್ನರು ನೆಲ ನೋಡಿದರು. ಬಾಗಿಲಾಚೆ ಓಣಿಯ ಹೆಂಗಸರೆಲ್ಲ ಬಂದು ನಿಂತಿದ್ದರು. ಅವರಲ್ಲಿ ಚೇರ್ಮನ್ನರ ತಾಯಿಯೂ ಇದ್ದರು. "ಅಕಿ ಖರೇನ ಹೇಳ್ತಾಳ, ಬರ್ಕೊಳ್ಳಪಾ" ಎಂದು ಆ ಮುದುಕಿ ಅಲ್ಲಿಂದಲೇ ನನ್ನತ್ತ ಕೂಗಿದರು.

ಕಣದ ಠರಾವು ಬಿತ್ತು. ಹಳ್ಳದ ದಂಡೆಗೆ ಹೆಂಗಸರಿಗಾಗಿ ಎತ್ತರದ ಗೋಡೆ ಕಟ್ಟಿಸುವ ಠರಾವು ಪಾಸಾಯಿತು. ಗಂಗವ್ವ ಪೂರಾ ಕೇಳಿಸಿಕೊಂಡು ಹೆಬ್ಬಟ್ಟು ಒತ್ತಿದಾಗ ಹೊರಗೆ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

ಆ ಪುಟದಲ್ಲಿ ನನ್ನ ಅಕ್ಷರ ಮಾತ್ರ ಬಹಳ ಸೊಟ್ಟ. ಕಚೇರಿಯಲ್ಲಿ ಹೆಣ್ಣು ಮೆಂಬರಿಗೆಂದು ಕುರ್ಚಿಯೇ ಇರಲಿಲ್ಲ. ನನ್ನದನ್ನು ಕೊಟ್ಟು ನಿಂತೇ ಬರೆದಿದ್ದೆ.